ಚೀಟಿಗಿಂತ ಅರಿವು ಮುಖ್ಯ



ಮಠದ ಪತ್ರಿಕೆಯಲ್ಲಿ ಗರ್ಭನಿರೋಧಕ ಗುಳಿಗೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಮುಟ್ಟು, ಮದುವೆ, ಬಸಿರು, ಬಾಣಂತನ ಎಲ್ಲವೂ ನಮ್ಮ ಮನೆಗಳಲ್ಲೇ ನಡೆಯುವ ಸಂಗತಿಗಳು. ಒಡಲನ್ನೇ ಪೂಜಾಸ್ಥಳವೆಂದು ಕಂಡ ಧರ್ಮ ನಮ್ಮದು. ಹೆಣ್ಣಿನ ಒಡಲಿನ ವಿಷಯ ಬಂದಾಗ ಮಾತ್ರ ನಾವು ಬಾಯಿ ಮುಚ್ಚಿ ಕುಳಿತರೆ ಅದು ಧರ್ಮವಾಗುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಒಂದು ಸುದ್ದಿ ಹಬ್ಬಿತು. ತುರ್ತು ಗರ್ಭನಿರೋಧಕ ಮಾತ್ರೆಯನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವುದಕ್ಕೆ ಕೇಂದ್ರ ಸರ್ಕಾರ ತಡೆ ಹಾಕಲಿದೆ ಎಂಬುದು ಅದರ ಸಾರ. ಈಗಿರುವ ನಿಯಮದಲ್ಲಿ ಬದಲಾವಣೆ ಇಲ್ಲವೆಂಬ ಸ್ಪಷ್ಟನೆಯೂ ಹಿಂದೆಯೇ ಬಂತು. ಸುದ್ದಿ ತಣ್ಣಗಾಯಿತು, ಚರ್ಚೆ ಮಾತ್ರ ಮುಗಿಯಲಿಲ್ಲ. ಚೀಟಿ ಕಡ್ಡಾಯವಾಗಬೇಕು ಎನ್ನುವ ವೈದ್ಯರಿದ್ದಾರೆ, ಬೇಡ ಎನ್ನುವ ವೈದ್ಯರೂ ಇದ್ದಾರೆ. ಹೆಣ್ಣುಮಕ್ಕಳಿರುವ ಪ್ರತಿ ಮನೆಯೂ ಈ ಚರ್ಚೆಯಲ್ಲಿ ಪಾಲುಗೊಳ್ಳಬೇಕು. ಅದಕ್ಕೆ ಮೊದಲು ಗುಳಿಗೆ ಏನೆಂಬುದು ತಿಳಿದಿರಬೇಕು.

ಲೆವೊನೊರ್ಜೆಸ್ಟ್ರೆಲ್ ಎಂಬ ಹಾರ್ಮೋನು 1.5 ಮಿಲಿಗ್ರಾಂ ಇರುವ ಒಂದೇ ಮಾತ್ರೆ ಇದು. ಮುಂಜಾಗ್ರತೆ ಇಲ್ಲದೆ ಕೂಡಿದಾಗ, ಕಾಂಡೋಮ್ ಹರಿದಾಗ, ಇಲ್ಲವೇ ಬಲಾತ್ಕಾರ ನಡೆದಾಗ 72 ಗಂಟೆಗಳೊಳಗೆ ನುಂಗಬೇಕು. ಬೇಗ ನುಂಗಿದಷ್ಟೂ ಫಲ ಹೆಚ್ಚು. 2002-03ರಲ್ಲಿ ಇದು ರಾಷ್ಟ್ರೀಯ ಕುಟುಂಬ ಕಲ್ಯಾಣ ಕಾರ್ಯಕ್ರಮಕ್ಕೆ ಸೇರಿತು. 2005ರಲ್ಲಿ ಚೀಟಿಯ ಅಗತ್ಯವಿಲ್ಲದೆ ಔಷಧ ಅಂಗಡಿಯಲ್ಲಿ ಕೊಡಲು ಅನುಮತಿ ಸಿಕ್ಕಿತು. 2007ರಲ್ಲಿ ಐ-ಪಿಲ್ ಬಂದ ಮೇಲೆ ಟಿ.ವಿ. ಜಾಹೀರಾತುಗಳ ಮೂಲಕ ಹೆಸರು ಮನೆಮನೆಗೆ ತಲುಪಿತು, ತಿಳಿವಳಿಕೆ ತಲುಪಲಿಲ್ಲ. ಸರ್ಕಾರ ಇದೇ ಮಾತ್ರೆಯನ್ನು ಆಶಾ ಕಾರ್ಯಕರ್ತೆಯರ ಮೂಲಕವೂ ಹಂಚುತ್ತದೆ ಎಂಬುದು ಹಳ್ಳಿಯ ಅನೇಕ ತಾಯಂದಿರಿಗೆ ಇಂದಿಗೂ ಗೊತ್ತಿಲ್ಲ.

ಭಕ್ತರಲ್ಲಿ ಒಂದು ಪ್ರಾಮಾಣಿಕ ಶಂಕೆ ಇದೆ. ಗರ್ಭದಲ್ಲಿರುವ ಶಿಶುವಿಗೇ ಲಿಂಗಸಂಸ್ಕಾರ ಕೊಡುವ ಪದ್ಧತಿ ನಮ್ಮಲ್ಲಿದೆ. ಹಾಗಿರುವಾಗ ಈ ಗುಳಿಗೆ ಭ್ರೂಣಹತ್ಯೆಯಾಗುವುದಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಉತ್ತರ ನೇರವಾಗಿದೆ. ಈ ಮಾತ್ರೆ ಅಂಡಾಣು ಬಿಡುಗಡೆಯಾಗುವುದನ್ನು ತಡೆಯುತ್ತದೆ ಅಥವಾ ಮುಂದೂಡುತ್ತದೆ. ನಿಂತ ಗರ್ಭವನ್ನು ಇದು ಇಳಿಸಲಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಗರ್ಭ ಇಳಿಸುವ ಗುಳಿಗೆಗಳು ಬೇರೆ. ಅವು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್, ವೈದ್ಯರ ಮೇಲ್ವಿಚಾರಣೆಯಲ್ಲೇ ಕೊಡಬೇಕಾದಂಥವು. ಎರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ಈ ಚರ್ಚೆಯ ಅರ್ಧ ಗೊಂದಲ ಹುಟ್ಟಿದೆ. ಬಸಿರೇ ಆಗದಂತೆ ನೋಡಿಕೊಂಡ ಹೆಣ್ಣುಮಗಳು ಮುಂದೆ ಗರ್ಭಪಾತದ ಮೇಜು ಹತ್ತುವುದು ತಪ್ಪುತ್ತದೆ. ಭ್ರೂಣಹತ್ಯೆಗೆ ಅಂಜುವವರು ಈ ಗುಳಿಗೆಯನ್ನು ವಿರೋಧಿಸಲು ಕಾರಣವಿಲ್ಲ.

ಚೀಟಿ ಬೇಕೆನ್ನುವವರ ಮಾತನ್ನೂ ಗೌರವದಿಂದ ಕೇಳಬೇಕು. ಕೆಲವು ಹುಡುಗಿಯರು ತಿಂಗಳಿಗೆ ಎರಡು ಮೂರು ಸಲ ಇದನ್ನು ನುಂಗುತ್ತಾರೆ, ಮುಟ್ಟು ಏರುಪೇರಾಗಿ ಗಾಬರಿಯಿಂದ ಬರುತ್ತಾರೆ ಎನ್ನುತ್ತಾರೆ ವೈದ್ಯರು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಕೆಲವು ಔಷಧಗಳು ಈ ಮಾತ್ರೆಯ ಬಲ ಕುಂದಿಸುತ್ತವೆ. ಎಚ್‌ಐವಿಯಂಥ ಸೋಂಕುಗಳನ್ನು ಇದು ತಡೆಯದು. ಗಂಡಸರು ತಮ್ಮ ಹೊಣೆ ಕಳಚಿಕೊಂಡು ಹೆಣ್ಣಿನ ಕೈಗೆ ಗುಳಿಗೆ ಇಡುವುದೂ ಉಂಟು. ಇವೆಲ್ಲ ನಿಜ. ಆದರೆ ಇವುಗಳಿಗೆ ಮದ್ದು ತಿಳಿವಳಿಕೆ. ಚೀಟಿ ಆ ತಿಳಿವಳಿಕೆಯನ್ನು ತಂದುಕೊಡುತ್ತದೆಯೇ ಎಂಬುದೇ ಪ್ರಶ್ನೆ.

ನಮ್ಮ ಜಿಲ್ಲೆಯನ್ನೇ ನೋಡೋಣ. ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಸಿ.ಜಿ. ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳಿವೆ. ಡಾಕ್ಟರಿಗೆ ಬರವಿಲ್ಲದ ಊರು ಎಂದು ಹೆಮ್ಮೆ ಪಡುತ್ತೇವೆ. ಆದರೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಣ್ಣುಮಗಳು ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತರೆ ಅವಳ ಒಂದು ದಿನದ ಕೂಲಿ ಹೋಗುತ್ತದೆ. ಜಗಳೂರಿನ, ಚನ್ನಗಿರಿಯ ಹಳ್ಳಿಯವಳಿಗೆ ಬಸ್ಸಿನ ಹೊತ್ತು ಹೊಂದಬೇಕು, ಮನೆಯಲ್ಲಿ ಕಾರಣ ಹೇಳಬೇಕು. ಶನಿವಾರ ರಾತ್ರಿ ಆದ ಸಂಗತಿಗೆ ಸೋಮವಾರ ಮಧ್ಯಾಹ್ನ ಚೀಟಿ ಸಿಕ್ಕರೆ, 72 ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದಿರುತ್ತದೆ. ಹರಿಹರದ ಓಣಿಯಲ್ಲಿ ಪರಿಚಯದ ಡಾಕ್ಟರ ಮುಂದೆ ಕೂತು, ಪಕ್ಕದ ಮನೆಯವರು ಬಾಗಿಲಲ್ಲಿ ಕಾಯುತ್ತಿರುವಾಗ, ಈ ಮಾತನ್ನು ಯಾರು ಎತ್ತುತ್ತಾರೆ? ಮದುವೆಯಾಗಿದೆಯೇ, ಗಂಡನ ಹೆಸರೇನು ಎಂಬ ಎರಡು ಪ್ರಶ್ನೆಗಳು ಸಾಕು, ಕಾಲೇಜು ಹುಡುಗಿ ಬಂದ ದಾರಿಯಲ್ಲೇ ತಿರುಗಿ ಹೋಗುತ್ತಾಳೆ.

ಈ ಗುಳಿಗೆ ಮದುವೆಯಾಗದವರಿಗಷ್ಟೇ ಬೇಕಾದದ್ದು ಎಂಬ ಭಾವನೆಯೂ ತಪ್ಪು. ಎರಡು ಮಕ್ಕಳಿದ್ದು ಮೂರನೆಯದು ಬೇಡವೆನ್ನುವ ತಾಯಿ, ಕುಡಿದು ಬಂದ ಗಂಡನಿಗೆ ಬೇಡವೆನ್ನಲಾಗದ ಹೆಂಡತಿ, ಮೊದಲ ಬಾಣಂತನದಿಂದ ಇನ್ನೂ ಚೇತರಿಸಿಕೊಳ್ಳದ ಸೊಸೆ ಇವರೂ ಇದಕ್ಕಾಗಿಯೇ ಅಂಗಡಿಗೆ ಬರುತ್ತಾರೆ.

ಚೀಟಿ ಕಡ್ಡಾಯ ಮಾಡಿದರೆ ಏನಾಗುತ್ತದೆಂದು ಊಹಿಸಬೇಕಾಗಿಯೂ ಇಲ್ಲ. ಗರ್ಭ ಇಳಿಸುವ ಗುಳಿಗೆಗೆ ಕಾನೂನಿನಲ್ಲಿ ಮೊದಲಿನಿಂದಲೂ ಚೀಟಿ ಬೇಕು. 2015ರಲ್ಲಿ ದೇಶದಲ್ಲಿ 1 ಕೋಟಿ 56 ಲಕ್ಷ ಗರ್ಭಪಾತಗಳು ನಡೆದವೆಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ 2018ರಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಅವುಗಳಲ್ಲಿ ನೂರಕ್ಕೆ 73 ಆಸ್ಪತ್ರೆಯ ಹೊರಗೆ, ಗುಳಿಗೆ ನುಂಗಿ ನಡೆದಂಥವು. ಚೀಟಿಯ ಕಾನೂನು ಇದ್ದೂ ಹೀಗಾಗಿದೆ. ಹೆಚ್ಚು ಸುರಕ್ಷಿತವಾದ ಗುಳಿಗೆಯನ್ನು ಅಟ್ಟದ ಮೇಲಿಟ್ಟರೆ, ಹೆಣ್ಣುಮಕ್ಕಳು ತಿಂಗಳು ಕಳೆದ ಮೇಲೆ ಹೆಚ್ಚು ಅಪಾಯದ ಗುಳಿಗೆಯನ್ನು ಕದ್ದುಮುಚ್ಚಿ ಹುಡುಕುತ್ತಾರೆ.

ಹೊರದೇಶಗಳೂ ಈ ದಾರಿಯಲ್ಲಿ ನಡೆದು ಬಂದಿವೆ. ಅಮೆರಿಕ 2006ರಲ್ಲಿ 18 ವರ್ಷ ತುಂಬಿದವರಿಗೆ ಚೀಟಿಯ ಅಗತ್ಯ ತೆಗೆಯಿತು, ನ್ಯಾಯಾಲಯದ ಆದೇಶದ ನಂತರ 2013ರಲ್ಲಿ ವಯಸ್ಸಿನ ಮಿತಿಯನ್ನೂ ಬಿಟ್ಟಿತು. ಜರ್ಮನಿ 2015ರಲ್ಲಿ ಚೀಟಿಯನ್ನು ಕೈಬಿಟ್ಟಿತು. ಬಹುಕಾಲ ಹಿಂಜರಿದ ಜಪಾನ್ ಕೂಡ 2025ರಲ್ಲಿ ಒಪ್ಪಿಗೆ ಕೊಟ್ಟಿತು. ಈ ವಿಷಯದಲ್ಲಿ ಅವರಿಗಿಂತ ಮೊದಲು ಹೆಜ್ಜೆ ಇಟ್ಟ ನಾಡು ನಮ್ಮದು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಜಗತ್ತಿನಲ್ಲಿ ಸರ್ಕಾರವೇ ತೆರೆದ ಮೊದಲ ಚಿಕಿತ್ಸಾಲಯಗಳೆಂದು ಅವನ್ನು ಗುರುತಿಸುತ್ತಾರೆ. ದಾವಣಗೆರೆ, ಹರಿಹರ ಎರಡೂ ಆಗ ಅದೇ ಸಂಸ್ಥಾನದಲ್ಲಿದ್ದವು. ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಆ ಸರ್ಕಾರಕ್ಕಿದ್ದ ಧೈರ್ಯ ಇಂದು ನಮ್ಮ ಮನೆಗಳಲ್ಲಿ ಕಾಣದಿದ್ದರೆ ನಾವು ಯೋಚಿಸಬೇಕು.

ಈ ಗುಳಿಗೆಯ ಸುತ್ತ ಇರುವ ದೊಡ್ಡ ಅಡ್ಡಿ ನಾಚಿಕೆ. ಅಂಗಡಿಯವನು ಅದನ್ನು ಪೇಪರಿನಲ್ಲಿ ಸುತ್ತಿ, ಕಪ್ಪು ಚೀಲದಲ್ಲಿ ಹಾಕಿ, ಮುಖ ನೋಡದೆ ಕೊಡುತ್ತಾನೆ. ಕೊಳ್ಳುವವಳು ಏನನ್ನೂ ಕೇಳದೆ ಓಡುತ್ತಾಳೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ಕಿತ್ತೆಸೆದರು. ಮುಟ್ಟಾದ ಹೆಣ್ಣೂ ಲಿಂಗಪೂಜೆಗೆ ಅರ್ಹಳೆಂದರು. ಅನುಭವ ಮಂಟಪದಲ್ಲಿ ಹೆಣ್ಣಿಗೆ ಸಮಾನ ಪೀಠ ಕೊಟ್ಟರು. ಆ ಪರಂಪರೆಯ ನಾವು ಗರ್ಭಕೋಶದ ಹೆಸರೆತ್ತಲು ತಲೆತಗ್ಗಿಸಿದರೆ, ಆರನೆಯದೊಂದು ಸೂತಕವನ್ನು ನಾವೇ ಹುಟ್ಟುಹಾಕಿದಂತಾಗುತ್ತದೆ.

ಗಂಡಸರಿಗೂ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು ನೂರಕ್ಕೆ ಒಂದೂ ಇಲ್ಲ. ಶಸ್ತ್ರಚಿಕಿತ್ಸೆ ಅವಳಿಗೆ, ಗುಳಿಗೆ ಅವಳಿಗೆ, ನಿಂದೆಯೂ ಅವಳಿಗೇ. ಬಾಳಿನಲ್ಲಿ ಸಮಪಾಲು ಎಂದು ವೇದಿಕೆಯ ಮೇಲೆ ಭಾಷಣ ಮಾಡುವ ನಾವು ಈ ಲೆಕ್ಕದ ಮುಂದೆ ಏನು ಹೇಳುತ್ತೇವೆ?

ಇನ್ನೊಂದು ಎಚ್ಚರಿಕೆಯ ಮಾತನ್ನು ಕಟುವಾಗಿಯೇ ಹೇಳಬೇಕು. 18 ತುಂಬದ ಹುಡುಗಿಗೆ ಈ ಗುಳಿಗೆ ಬೇಕಾಯಿತೆಂದರೆ, ಅವಳ ಮೇಲೆ ಅನ್ಯಾಯ ನಡೆದಿದೆಯೇ ಎಂದು ಮೊದಲು ಪ್ರೀತಿಯಿಂದ ಕೇಳಬೇಕು. ಮಾನದ ನೆಪದಲ್ಲಿ ಗುಳಿಗೆ ನುಂಗಿಸಿ ಬಾಯಿ ಮುಚ್ಚಿಸುವುದು ತಪ್ಪಿತಸ್ಥನನ್ನು ಕಾಪಾಡಿದಂತೆ. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ, ಉಚಿತ ಚಿಕಿತ್ಸೆ ಕೊಡಲೇಬೇಕೆಂದು ಕಾನೂನು ಹೇಳುತ್ತದೆ. ತುರ್ತು ಗರ್ಭನಿರೋಧಕವೂ ಆ ಚಿಕಿತ್ಸೆಯ ಭಾಗ. ಮಕ್ಕಳ ಸಹಾಯವಾಣಿ 1098 ಇದೆ. ಆರೋಪಿ ಮನೆಯವನಾಗಲಿ, ಮೇಷ್ಟ್ರಾಗಲಿ, ಕಾವಿ ತೊಟ್ಟವನಾಗಲಿ, ಹುಡುಗಿಯ ಪರವಾಗಿ ನಿಲ್ಲುವುದೇ ಶರಣರ ದಾರಿ.

ಆದ್ದರಿಂದ ನಮ್ಮ ನಿಲುವು ಇದು. ತುರ್ತು ಗರ್ಭನಿರೋಧಕ ಮಾತ್ರೆ ಈಗಿನಂತೆಯೇ ಚೀಟಿ ಇಲ್ಲದೆ ಸಿಗಬೇಕು. ಅದರ ಜೊತೆಗೆ ತಿಳಿವಳಿಕೆಯೂ ಸಿಗಬೇಕು. ಅಂಗಡಿಯಲ್ಲಿ ಫಾರ್ಮಸಿಸ್ಟ್ ನಾಲ್ಕು ಮಾತು ಹೇಳಲಿ: ಇದು ದಿನನಿತ್ಯದ ಉಪಾಯವಲ್ಲ, ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಮಾತ್ರೆ ಬೇಕಾಗುತ್ತದೆ, ಮುಟ್ಟು ಒಂದು ವಾರಕ್ಕಿಂತ ತಡವಾದರೆ ಬಸಿರು ಪರೀಕ್ಷೆ ಮಾಡಿಸಬೇಕು, ಹೊಟ್ಟೆಯಲ್ಲಿ ತೀವ್ರ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಈ ನಾಲ್ಕು ಮಾತನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ಯಾಕೆಟ್ಟಿನ ಜೊತೆ ಕೊಡುವುದು ಔಷಧ ವ್ಯಾಪಾರಿಗಳಿಗೆ ದೊಡ್ಡ ಖರ್ಚಲ್ಲ.

ಮಠಗಳಿಗೂ, ಮಠಗಳ ವಿದ್ಯಾಸಂಸ್ಥೆಗಳಿಗೂ ನಮ್ಮ ಬಿನ್ನಹವಿದೆ. ಅನ್ನ, ಅಕ್ಷರಗಳ ದಾಸೋಹ ನಡೆಸಿ ನಾಡಿನ ಮೆಚ್ಚುಗೆ ಪಡೆದಿದ್ದೇವೆ, ಆರೋಗ್ಯದ ಅರಿವೂ ದಾಸೋಹವೇ. ಹೆಣ್ಣುಮಕ್ಕಳ ಹಾಸ್ಟೆಲ್‌ಗಳಿಗೆ ತಿಂಗಳಿಗೊಮ್ಮೆ ಮಹಿಳಾ ವೈದ್ಯರನ್ನು ಕರೆಸೋಣ. ವಾರ್ಡನ್ ಇಲ್ಲದ ಕೋಣೆಯಲ್ಲಿ ಹುಡುಗಿಯರು ಮನಬಿಚ್ಚಿ ಕೇಳಲಿ. ಗಂಡುಮಕ್ಕಳ ಹಾಸ್ಟೆಲ್‌ನಲ್ಲೂ ಅದೇ ಪಾಠ ನಡೆಯಲಿ. ಅವರು ಹೊಣೆ ಕಲಿಯದೆ ಹೋದರೆ ಈ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಸಾಮೂಹಿಕ ವಿವಾಹಗಳಲ್ಲಿ ನವದಂಪತಿಗಳಿಗೆ ತಾಳಿ, ಸೀರೆ, ಪಂಚೆಗಳ ಜೊತೆ ಕುಟುಂಬ ಯೋಜನೆಯ ಒಂದು ಪುಸ್ತಿಕೆ ಕೊಡೋಣ. ಅಕ್ಕನ ಬಳಗಗಳ ಸಭೆಗೆ ಆಶಾ ಕಾರ್ಯಕರ್ತೆಯರನ್ನು ಅತಿಥಿಯಾಗಿ ಕೂರಿಸೋಣ.

ಹೀಗೆ ಮಾಡಿದರೆ ಮಕ್ಕಳು ದಾರಿ ತಪ್ಪುತ್ತಾರೆಂದು ಅಂಜುವ ತಂದೆತಾಯಿಗಳಿದ್ದಾರೆ. ಅವರ ಅಂಜಿಕೆ ಪ್ರೀತಿಯಿಂದಲೇ ಬಂದದ್ದು. ಸಂಯಮ ಕಲಿಸುವ ಹೊಣೆ ಮನೆಯದು, ಮಠದ್ದು. ಅದನ್ನು ಮೆಡಿಕಲ್ ಶಾಪಿನ ಗಲ್ಲೆಗೆ ವಹಿಸಿಕೊಡಲಾಗದು. ಆಚಾರ ಗಟ್ಟಿಯಾಗುವುದು ಅರಿವಿನಿಂದ. ಕಷ್ಟಕ್ಕೆ ಸಿಕ್ಕ ಮಗಳು ಯಾರಲ್ಲಿಗೆ ಓಡಬೇಕೆಂದು ತಿಳಿಯದೆ ಒಬ್ಬಳೇ ನಿಂತಾಗ, ಮೊದಲು ನೆನಪಾಗುವ ಬಾಗಿಲು ನಮ್ಮ ಮನೆಯದಾಗಿರಲಿ.