ಶಾಲೆಯ ಲೆಕ್ಕ ಕೇಳೋಣ, ಮಕ್ಕಳ ಗುಟ್ಟು ಕಾಯೋಣ



ಚಿಂಚೋಳಿ ಎಂಐಡಿಸಿಯಲ್ಲಿ ಪಾಳಿ ಮುಗಿಸಿ ಮನೆಗೆ ಬರುವ ನಿಮಗೆ ಕಾಯ್ದೆ ಓದಲು ಬಿಡುವಿಲ್ಲವೆಂಬುದನ್ನು ಬಲ್ಲೆ. ಆದರೆ ಈಗ ಆಗಿರುವ ಒಂದು ತಿದ್ದುಪಡಿ ನಿಮ್ಮ ಮಗುವಿನ ವರ್ಗದ ಬಾಗಿಲಿಗೇ ಬಂದು ನಿಲ್ಲುವಂಥದ್ದು. ಆದ್ದರಿಂದ ಸ್ವಲ್ಪ ಹೊತ್ತು ಕೊಡಿರಿ.

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಖಾಸಗಿ ವಿವರಗಳಿಗೆ ಮೊದಲಿನಿಂದಲೂ ರಕ್ಷಣೆ ಇತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧಪಡದ, ವಿನಾಕಾರಣ ಒಬ್ಬರ ಖಾಸಗಿತನಕ್ಕೆ ಧಕ್ಕೆ ತರುವ ಮಾಹಿತಿಯನ್ನು 8(1)(ಜೆ) ಕಲಮಿನ ಪ್ರಕಾರ ಕೊಡಬೇಕಾಗಿರಲಿಲ್ಲ. ಆದರೆ ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯನಿಗೂ ನಿರಾಕರಿಸಬಾರದು ಎಂಬ ಮಾತೂ ಅಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇವೆಲ್ಲವನ್ನೂ ತೆಗೆದುಹಾಕಿತು. ಆ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಗೆ ಬಂತು. ಈಗ 'ವೈಯಕ್ತಿಕ ಮಾಹಿತಿ' ಎಂದೊಡನೆ ಅಧಿಕಾರಿ ಕೈಚೆಲ್ಲಬಹುದು.

ಖಾಸಗಿತನ ಸಣ್ಣ ಮಾತಲ್ಲ. ಅದು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಪ್ರಧಾನಿ ಮೋದಿಯವರ ಪದವಿಯ ಪ್ರಕರಣವೂ ನಿಮಗೆ ನೆನಪಿರಬಹುದು. 1978ರ ಬಿ.ಎ. ದಾಖಲೆ ನೋಡಲು ಬಿಡಿರೆಂದು ಕೇಂದ್ರ ಮಾಹಿತಿ ಆಯೋಗ 2016ರಲ್ಲಿ ದಿಲ್ಲಿ ವಿಶ್ವವಿದ್ಯಾಲಯಕ್ಕೆ ಆದೇಶಿಸಿತ್ತು. 2025ರ ಆಗಸ್ಟಿನಲ್ಲಿ ದಿಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಗೊಳಿಸಿತು. ವಿದ್ಯಾರ್ಥಿಯ ಅಂಕ, ಪದವಿಗಳ ವಿವರ ವಿಶ್ವಾಸದ ಮೇಲೆ ಸಂಸ್ಥೆಯ ಬಳಿ ಇರುವಂಥವು ಎಂಬುದು ಅದರ ನಿಲುವು. ಸಾಮಾನ್ಯ ವಿದ್ಯಾರ್ಥಿಯ ಮಟ್ಟಿಗೆ ಇದು ನನಗೂ ಒಪ್ಪಿಗೆ. ನಮ್ಮ ಶಾಲೆಯ ಜನರಲ್ ರಜಿಸ್ಟರಿನಲ್ಲಿ ಮಗುವಿನ ಜಾತಿ, ಜನ್ಮದಿನಾಂಕ ಇವೆ. ಬೇರೆ ಕಾಗದಗಳಲ್ಲಿ ಆಧಾರ್ ಸಂಖ್ಯೆ ಇದೆ. ಇವು ಮೂರನೆಯವರ ಕೈಗೆ ಹೋಗಕೂಡದು.

ಆದರೆ ಸರಕಾರಿ ಸಂಬಳ ಪಡೆಯುವ ಶಿಕ್ಷಕರ ಅರ್ಹತೆ ಆ ಜಾತಿಯ ಗುಟ್ಟೇ? ಕನ್ನಡ ಶಾಲೆಗೆ ಬಂದವರು ಯಾವ ಮಾಧ್ಯಮದಲ್ಲಿ ಕಲಿತವರು ಎಂಬುದು ನಮಗೆ ಜೀವನ್ಮರಣದ ಪ್ರಶ್ನೆ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ವರ್ಗಕ್ಕೆ ಕಳಿಸಿದ್ದಕ್ಕೆ ಕಾಸರಗೋಡಿನ ಪಾಲಕರು ಬೀದಿಗಿಳಿದದ್ದುಂಟು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆನ್ನುವ ಸಂವಿಧಾನದ 350ಎ ಕಲಮು, ಇಂಥ ಮಾಹಿತಿ ಸಿಗದಿದ್ದರೆ ಕಾಗದದ ಮೇಲೆಯೇ ಉಳಿಯುತ್ತದೆ. ನಾನು ಬಿ.ಎಡ್. ಎಲ್ಲಿ, ಯಾವ ಮಾಧ್ಯಮದಲ್ಲಿ ಮಾಡಿದೆನೆಂದು ಯಾವ ಪಾಲಕರು ಕೇಳಿದರೂ ಹೇಳಲು ಬದ್ಧ. ನನ್ನ ಮನೆಯ ವಿಳಾಸ, ಕಾಯಿಲೆ, ಸಾಲ ಮಾತ್ರ ನನ್ನವು.

ಹಾಗಾದರೆ ಮಾಡುವುದೇನು? ದಾರಿ ಪೂರ್ತಿ ಮುಚ್ಚಿಲ್ಲ. ಖಾಸಗಿ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆನ್ನುವ 8(2) ಕಲಮು ಹಾಗೆಯೇ ಇದೆ. ಖಾಸಗಿ ಭಾಗವನ್ನು ಮರೆಮಾಡಿ ಉಳಿದದ್ದನ್ನು ಕೊಡಬೇಕೆನ್ನುವ 10ನೆಯ ಕಲಮೂ ಇದೆ. ಅರ್ಜಿಯಲ್ಲಿ ಈ ಎರಡನ್ನೂ ಕಾಣಿಸಿರಿ. ಹೆಸರು ಕೇಳಬೇಡಿರಿ, ಹುದ್ದೆಯ ಲೆಕ್ಕ ಕೇಳಿರಿ. ಮಂಜೂರಾದ ಕನ್ನಡ ಹುದ್ದೆಗಳೆಷ್ಟು, ತುಂಬಿದವೆಷ್ಟು, ಅವರಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವರೆಷ್ಟು, ಬಾಲಭಾರತಿಯ ಕನ್ನಡ ಪುಸ್ತಕಗಳು ಯಾವ ತಾರೀಖಿಗೆ ಬಂದವು? ಈ ಉತ್ತರಗಳಿಗೆ ಯಾರ ಹೆಸರೂ ಬೇಕಿಲ್ಲ. ಮರಾಠಿಯಲ್ಲಿ ಬರೆದು ಹತ್ತು ರೂಪಾಯಿ ಶುಲ್ಕ ಕಟ್ಟಿದರಾಯಿತು, ಕಾರಣ ಹೇಳಬೇಕಾಗಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ನಿಮ್ಮ ಮಗುವಿನ ಉತ್ತರಪತ್ರಿಕೆಯ ಮಾತು ಬೇರೆ: ಬರೆದವರಿಗೆ ಅದನ್ನು ನೋಡುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ.

ನಮ್ಮ ಶಾಲೆಗಳಿಗೂ ಒಂದು ಮಾತು. ವಿದ್ಯಾರ್ಥಿವೇತನದ ಯಾದಿಯನ್ನು ಆಧಾರ್, ಫೋನ್ ಸಂಖ್ಯೆಗಳ ಸಮೇತ ಗೋಡೆಗೆ ಅಂಟಿಸುವ ರೂಢಿ ಎಲ್ಲಿಯಾದರೂ ಇದ್ದರೆ ಅದು ಇಂದೇ ನಿಲ್ಲಲಿ. ಮಕ್ಕಳ ವಿವರ ಗೋಡೆಯ ಮೇಲೆ, ಹುದ್ದೆಗಳ ಲೆಕ್ಕ ಕಪಾಟಿನೊಳಗೆ ಎಂಬುದು ತಲೆಕೆಳಗಾದ ವ್ಯವಹಾರ. ಶಾಲಾ ವ್ಯವಸ್ಥಾಪನ ಸಮಿತಿಯ ಮುಂದಿನ ಸಭೆಯಲ್ಲಿ ಈ ಎರಡನ್ನೂ ಸರಿಯಾದ ಜಾಗಕ್ಕೆ ತರುವ ಠರಾವು ಮಾಡಿರಿ.