ಗೋವೆಯ ಕಾರು, ಸವಡಿಯ ಯಜಮಾನ

ಗದಗು ಸೀಮೆಯ ಊರುಗಳಿಗೂ ಗೋವೆಗೂ ಇರುವ ನಂಟು ಬಹಳ ದಿನಗಳದು. ಮಳೆ ಕೈಕೊಟ್ಟ ವರ್ಷ ಎರೆಯ ಹೊಲವನ್ನು ಹಿರಿಯರಿಗೆ ಒಪ್ಪಿಸಿ, ಹುಬ್ಬಳ್ಳಿಯ ಮೇಲೆ ಹಾಯ್ದು ವಾಸ್ಕೋ, ಮಡಗಾಂವಿಗೆ ದುಡಿಯಹೋದವರಲ್ಲಿ ಎಷ್ಟೋ ಮಂದಿ ಅಲ್ಲಿಯೇ ನೆಲೆ ಕಂಡುಕೊಂಡರು. ಮೊದಲು ಅವರಿಂದ ಊರಿಗೆ ಬರುತ್ತಿದ್ದುದು ಮನಿಯಾರ್ಡರು. ಈಗ ಒಮ್ಮೊಮ್ಮೆ ಮೋಟಾರು ಕಾರೇ ಬಂದು ಮನೆಯ ಮುಂದೆ ನಿಲ್ಲುತ್ತದೆ.

ರೋಣ ತಾಲ್ಲೂಕಿನ ಸವಡಿಯ ಗೃಹಸ್ಥರೊಬ್ಬರಿಗೆ ವಾಸ್ಕೋದಲ್ಲಿ ಅಳಿಯನಿದ್ದಾನೆಂದು ಇಟ್ಟುಕೊಳ್ಳಬಹುದು. ಅಳಿಯ ಹೊಸ ಕಾರು ಕೊಂಡು, ನಾಲ್ಕು ವರ್ಷದ ಹಳೆಯ ಕಾರನ್ನು ನ್ಯಾಯವಾದ ಬೆಲೆಗೆ ಮಾವನಿಗೆ ಬಿಟ್ಟುಕೊಡುತ್ತಾನೆ. ಹಣ ಕೈ ಸೇರುತ್ತದೆ. ಗೋವೆಯ ‘ಜಿಎ 06’ ಎಂಬ ಫಲಕ ಹೊತ್ತ ವಾಹನ ಸವಡಿಗೆ ಬರುತ್ತದೆ. ಮಾವ ಅನುಭವಸ್ಥ, ಕೇಳಬೇಕಾದುದನ್ನು ಕೇಳಿಯೇ ಕೇಳುತ್ತಾನೆ.

“ಗಾಡಿ ಗೋವಾದ್ದು, ನಾವಿರೋದು ಸವಡ್ಯಾಗ. ಅಲ್ಲಿ ಮಾಡಿಸಿದ ವಿಮಾ ಇಲ್ಲಿ ನಡೀತೈತೇನು?”

“ಎಲ್ಲಾ ಕಡೆ ನಡೀತೈತ್ರಿ ಮಾವಾರ. ಮುಂದಿನ ಮಾರ್ಚ್ ತನಕಾ ಚಿಂತಿ ಇಲ್ಲ.”

ಅಳಿಯನ ಮಾತು ಅರ್ಧ ಸತ್ಯ. ಮೊದಲು ಆ ಸತ್ಯದ ಅರ್ಧವನ್ನು ನೋಡುವುದು ನ್ಯಾಯ. ಅಮೆರಿಕದಲ್ಲಿ ಮೋಟಾರು ವಿಮೆಯ ನಿಯಮ ಒಂದೊಂದು ಸಂಸ್ಥಾನಕ್ಕೆ ಒಂದೊಂದು ಬಗೆ. ಮನೆ ಬದಲಿಸಿದವನು ಪಾಲಿಸಿಯನ್ನೂ ಬದಲಿಸಬೇಕಾಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಪಣಜಿಯಲ್ಲಿ ಬರೆದುಕೊಟ್ಟ ಪಾಲಿಸಿಯ ವ್ಯಾಪ್ತಿ ಇಡಿಯ ಭಾರತ. 1988ರ ಮೋಟಾರು ವಾಹನ ಕಾಯಿದೆ ಕಡ್ಡಾಯಗೊಳಿಸಿರುವ ‘ಥರ್ಡ್ ಪಾರ್ಟಿ’ ವಿಮೆಯ ದರವನ್ನು ಕೇಂದ್ರ ಸರಕಾರವೇ ಗೊತ್ತುಪಡಿಸುತ್ತದೆ. ಅದು ಎಂಜಿನ್ನಿನ ಗಾತ್ರವನ್ನು ನೋಡುತ್ತದೆಯೇ ಹೊರತು ಊರನ್ನಲ್ಲ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 1000ದಿಂದ 1500 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಅದು ವಾಸ್ಕೋದಲ್ಲಿಯೂ ಅಷ್ಟೇ, ರೋಣದಲ್ಲಿಯೂ ಅಷ್ಟೇ. ಸ್ವಂತ ವಾಹನಕ್ಕಾಗುವ ಹಾನಿಯ ವಿಮೆಯಲ್ಲಿ ಮಾತ್ರ ಸ್ಥಳಕ್ಕೆ ತುಸು ಬೆಲೆಯುಂಟು. 2002ರ ದರಪಟ್ಟಿ ಬೆಂಗಳೂರು, ಮುಂಬಯಿ, ಪುಣೆ ಮೊದಲಾದ ಎಂಟು ನಗರಗಳನ್ನು ಒಂದು ವಲಯವೆಂದೂ ಉಳಿದ ದೇಶವನ್ನೆಲ್ಲ ಇನ್ನೊಂದೆಂದೂ ವಿಂಗಡಿಸಿತ್ತು. ಆ ಲೆಕ್ಕದಲ್ಲಿ ಗೋವೆಯೂ ಗದಗೂ ಒಂದೇ ಪಂಕ್ತಿ.

ವಿಮೆಯ ಕಣ್ಣಿಗೆ ರಾಜ್ಯದ ಗಡಿ ಕಾಣದಿರುವುದರಲ್ಲಿ ವಿವೇಕವಿದೆ. 1956ಕ್ಕೆ ಮುಂಚೆ ಸವಡಿ ಮುಂಬಯಿ ರಾಜ್ಯದಲ್ಲಿತ್ತು. ಊರು ಇದ್ದಲ್ಲಿಯೇ ಇದ್ದು ಸರಹದ್ದು ಮಾತ್ರ ಸರಿಯಿತು.

ವಿಮೆಯ ಕಣ್ಣಿಗೆ ಬೀಳುವುದು ಹೆಸರು. ಅಳಿಯನ ಮಾತು ಮುಗ್ಗರಿಸುವುದು ಇಲ್ಲಿಯೇ. ಕಾರು ಮಾರಾಟವಾದೊಡನೆ ಅದರ ವಿಮೆಯೂ ಕೊಂಡವನಿಗೆ ಸೇರಿತೆಂದು ಭಾವಿಸತಕ್ಕದ್ದೆಂದು ಕಾಯಿದೆಯ 157ನೆಯ ಕಲಮು ಹೇಳುತ್ತದೆ. ಕೊಂಡವನು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯಲ್ಲಿ ತನ್ನ ಹೆಸರು ಬರೆಸಿಕೊಳ್ಳಬೇಕು. ಆದರೆ ಆ ಭಾವನೆಯ ರಕ್ಷಣೆ ಬೀದಿಯಲ್ಲಿ ಪೆಟ್ಟು ತಿಂದ ಮೂರನೆಯವನಿಗೆ ಮಾತ್ರ. ಕಾರಿನ ಸ್ವಂತ ಹಾನಿಗೆ ಅದು ಅನ್ವಯಿಸದೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಮಾನಿಸಿತು. ಹೆಸರು ಬದಲಾಗದ ಕಾರು ಗದಗಿನ ರಸ್ತೆಯಲ್ಲಿ ಮಗುಚಿದರೆ ಮಾವನಿಗೆ ಹಕ್ಕಿಲ್ಲ, ಏಕೆಂದರೆ ಪಾಲಿಸಿ ಅವನದಲ್ಲ. ಅಳಿಯನಿಗೂ ಹಕ್ಕಿಲ್ಲ, ಏಕೆಂದರೆ ಕಾರು ಅವನದಲ್ಲ. ಇನ್ನೂ ಕಠಿಣವಾದುದೊಂದಿದೆ. ಮಾಲೀಕನೇ ಚಾಲಕನಾಗಿದ್ದು ಮಡಿದರೆ ಕುಟುಂಬಕ್ಕೆ ಸಲ್ಲುವ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆ, ಆರ್.ಸಿ.ಯಲ್ಲಿಯೂ ಪಾಲಿಸಿಯಲ್ಲಿಯೂ ಹೆಸರಿದ್ದವನಿಗೇ ಮೀಸಲು. ಚಕ್ರ ಹಿಡಿದ ಮಾವ ಆ ಲೆಕ್ಕದಲ್ಲಿ ಮಾಲೀಕನೇ ಅಲ್ಲ.

ಇನ್ನು ಆ ಮಾರ್ಚ್ ತಿಂಗಳು. ಪಾಲಿಸಿ ಮುಗಿಯುವ ಸೂಚನೆ ಹೋಗುವುದು ವಾಸ್ಕೋದ ವಿಳಾಸಕ್ಕೆ. ಮಾವ ನೋಡಿಯಾನೆಂದು ಅಳಿಯನೂ, ಅಳಿಯ ಹೇಳಿಯಾನೆಂದು ಮಾವನೂ ಸುಮ್ಮನಿದ್ದು ವಿಮೆ ಸತ್ತುಹೋಗುತ್ತದೆ. ಏಪ್ರಿಲಿನಲ್ಲಿ ಒಬ್ಬ ದಾರಿಹೋಕನಿಗೆ ಕಾರು ಬಡಿದರೆ ಪರಿಹಾರದ ಹೊರೆ ಯಾರದು? ಆರ್.ಸಿ.ಯಲ್ಲಿ ಹೆಸರಿದ್ದವನೇ ಕಾಯಿದೆಯ ಕಣ್ಣಿನಲ್ಲಿ ಮಾಲೀಕನೆಂದು ಸುಪ್ರೀಂ ಕೋರ್ಟು 2018ರಲ್ಲಿ ಖಚಿತವಾಗಿ ನುಡಿದಿದೆ. ಎಂದೋ ಮಾರಿ ಮರೆತ ಕಾರಿಗಾಗಿ ಅಳಿಯನ ಮನೆಗೆ ಸಮನ್ಸು ಹೋಗುತ್ತದೆ. ಎರಡು ಮನೆಗಳ ನಡುವೆ ನಿಂತ ಮಗಳ ಪಾಡನ್ನು ವಾಚಕರೇ ಊಹಿಸಬಹುದು.

ಪರರಾಜ್ಯದ ವಿಮೆ ತೊಡಕಲ್ಲ, ನೋಂದಣಿಯ ಅಲಕ್ಷ್ಯವೇ ತೊಡಕು ಎಂಬುದಕ್ಕೆ ರಾಜಸ್ಥಾನದ ಒಂದು ವ್ಯಾಜ್ಯ ಕನ್ನಡಿ ಹಿಡಿಯುತ್ತದೆ. ಶ್ರೀಗಂಗಾನಗರದ ಗೃಹಸ್ಥರೊಬ್ಬರು ತಮ್ಮ ಹೊಸ ಬೊಲೆರೋ ವಾಹನಕ್ಕೆ ಪಂಜಾಬಿನಲ್ಲಿ 6,17,800 ರೂಪಾಯಿಗಳ ವಿಮೆ ಮಾಡಿಸಿದ್ದರು. ತಾತ್ಕಾಲಿಕ ನೋಂದಣಿ 2011ರ ಜುಲೈ 19ಕ್ಕೆ ಮುಗಿಯಿತು. ಅದೇ 28ರ ರಾತ್ರಿ ಜೋಧಪುರದ ಅತಿಥಿಗೃಹದ ಹೊರಗೆ ನಿಲ್ಲಿಸಿದ ಗಾಡಿ ಕಳುವಾಯಿತು. ಗ್ರಾಹಕ ಆಯೋಗಗಳಲ್ಲಿ ಅವರು ಗೆದ್ದರು. ಸುಪ್ರೀಂ ಕೋರ್ಟು 2021ರ ಸೆಪ್ಟೆಂಬರಿನಲ್ಲಿ ಅದನ್ನು ತಳ್ಳಿಹಾಕಿತು. ಗಾಡಿ ಕಳುವಾದ ದಿನ ಅದಕ್ಕೆ ನೋಂದಣಿಯೇ ಇರಲಿಲ್ಲ. ಒಂಬತ್ತು ದಿನಗಳ ಉದಾಸೀನಕ್ಕೆ ತೆತ್ತ ಬೆಲೆ ಅದು.

ಸವಡಿಯ ಮಾವ ತಡಮಾಡುವುದು ಮೈಗಳ್ಳತನದಿಂದಲ್ಲ, ತೆರಿಗೆಯ ಅಂಜಿಕೆಯಿಂದ. ಗದಗಿನ ‘ಕೆಎ 26’ ಸಂಖ್ಯೆ ಬೇಕಾದರೆ ಕರ್ನಾಟಕದ ತೆರಿಗೆ ಕಟ್ಟಬೇಕು. ಗೋವೆಯಲ್ಲಿ ಕಟ್ಟಿದುದರ ಉಳಿಕೆಯನ್ನು ಬೇರೆಯೇ ಅರ್ಜಿ ಹಾಕಿ ಕೇಳಬೇಕು. ಅಂಜಿಕೆ ಸಹಜವೇ. ಆದರೆ ಒಂದು ರಾಜ್ಯದ ವಾಹನವನ್ನು ಇನ್ನೊಂದರಲ್ಲಿ 12 ತಿಂಗಳು ಮೀರಿ ಇರಿಸಿಕೊಂಡರೆ ಹೊಸ ಸಂಖ್ಯೆ ಪಡೆಯಲೇಬೇಕೆಂದು ಕಾಯಿದೆ ವಿಧಿಸಿದೆ. ಮುಂದೂಡಿದ ಮಾತ್ರಕ್ಕೆ ತೆರಿಗೆ ತಪ್ಪದು. ಮೇಲಾಗಿ ಆ 12 ತಿಂಗಳ ಸಡಿಲು ಸಂಖ್ಯೆಗೇ ಹೊರತು ಹೆಸರಿಗಲ್ಲ.

ಅಳಿಯ ಮೊದಲು ಹೋಗಬೇಕಾದುದು ವಾಸ್ಕೋದ ಆರ್.ಟಿ.ಓ. ಕಚೇರಿಗೆ, ನಿರಾಕ್ಷೇಪಣಾ ಪತ್ರಕ್ಕಾಗಿ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ‘ನೋ ಕ್ಲೇಮ್ ಬೋನಸ್’ ಕಾರಿನದಲ್ಲ, ಅಳಿಯನ ಸ್ವಂತ ಗಳಿಕೆ. ಅದನ್ನು ಅವನು ತನ್ನ ಹೊಸ ಕಾರಿಗೆ ಒಯ್ಯಬಹುದು. ಹಳೆಯ ಪಾಲಿಸಿಯಲ್ಲಿ ಬಿಟ್ಟುಕೊಟ್ಟಿದ್ದ ಆ ರಿಯಾಯಿತಿಯನ್ನು ಮಾವ ತುಂಬಿಕೊಡಬೇಕಾಗುತ್ತದೆ. ಕಾಗದಗಳು ವಾಸ್ಕೋದಿಂದ ಗದಗಿಗೆ ಬರುವಷ್ಟರಲ್ಲಿ 14 ದಿನ ಕಳೆದುಹೋಗುವ ಸಂಭವ ಹೆಚ್ಚು. ಆದಕಾರಣ ಮಾರಾಟದ ಪತ್ರ, ಆರ್.ಟಿ.ಓ. ಕಚೇರಿಗೆ ಅರ್ಜಿ ಸಲ್ಲಿಸಿದ ರಸೀತಿ, ಇವುಗಳ ನಕಲನ್ನು ಲಗತ್ತಿಸಿ ಮಾವ ಆ ಅವಧಿಯೊಳಗೇ ಕಂಪನಿಗೆ ಬರೆಯುವುದು ಲೇಸು. ‘ಕೆಎ 26’ ಫಲಕ ಬಂದ ಮೇಲೆ ಹೊಸ ಸಂಖ್ಯೆಯನ್ನು ಅದೇ ಪಾಲಿಸಿಯಲ್ಲಿ ತಿದ್ದಿಸಿಕೊಳ್ಳಬಹುದು.