ಗುಂಡಿ ಒತ್ತಿದ ಮೇಲೆ ಮೊದಲು ಯಾವ ಬಾಗಿಲು?

ಕಪ್ಪು ತೆರೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ‘ನೋ ಬೂಟಬಲ್ ಡಿವೈಸ್’ ಎಂಬ ಒಂದೇ ಸಾಲು. ಯಾವ ಕೀಲಿ ಒತ್ತಿದರೂ ಅದೇ ಸಾಲು. ನಾಳೆ ಬೆಳಿಗ್ಗೆ ಪ್ರಾಜೆಕ್ಟ್ ವರದಿ ಒಪ್ಪಿಸಬೇಕಾದ ವಿದ್ಯಾರ್ಥಿಗೆ ಇದಕ್ಕಿಂತ ಕೆಟ್ಟ ಸಾಲು ಇನ್ನೊಂದಿಲ್ಲ. ಮನೆಯವರು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ರಿಪೇರಿ ಅಂಗಡಿಗೆ ಓಡುತ್ತಾರೆ. ಅಲ್ಲಿ ಎರಡು ನಿಮಿಷ ನೋಡಿದಂತೆ ಮಾಡಿ ‘ಫಾರ್ಮ್ಯಾಟ್ ಹೊಡೀಬೇಕು ಸಾರ್’ ಎನ್ನುತ್ತಾರೆ. ಹೂಂ ಎಂದರೆ ಸಂಜೆಯೊಳಗೆ ಯಂತ್ರವೇನೋ ಸರಿಯಾಗುತ್ತದೆ. ಅದರೊಳಗಿದ್ದ ವರದಿ ಮಾತ್ರ ಇರುವುದಿಲ್ಲ.

ಹೂಂ ಎನ್ನುವ ಮುನ್ನ ತಿಳಿದಿರಬೇಕಾದ ಸಂಗತಿ ಒಂದಿದೆ. ಇಂಥ ತೊಂದರೆಯಲ್ಲಿ ಎಷ್ಟೋ ಸಲ ಕಡತಗಳಿಗೆ ಏನೂ ಆಗಿರುವುದಿಲ್ಲ. ತಪ್ಪಿಹೋಗಿರುವುದು ಅವುಗಳತ್ತ ಹೋಗುವ ದಾರಿ. ಯಂತ್ರವನ್ನು ಬೇರೊಂದು ಬಾಗಿಲಿನಿಂದ ಎಬ್ಬಿಸಿದರೆ ಕಡತಗಳನ್ನು ಹೊರಗೆ ತರಬಹುದು. ಫಾರ್ಮ್ಯಾಟ್ ಆಮೇಲೂ ಮಾಡಿಸಬಹುದು.

ಗುಂಡಿ ಒತ್ತಿದ ಕ್ಷಣದಲ್ಲಿ ಗಣಕಕ್ಕೆ ಏನೂ ನೆನಪಿರುವುದಿಲ್ಲ. ಹಿಂದಿನ ದಿನ ಸ್ಮರಣಕೋಶದಲ್ಲಿದ್ದುದೆಲ್ಲ ಕರೆಂಟು ನಿಂತೊಡನೆ ಅಳಿಸಿಹೋಗಿರುತ್ತದೆ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಡಿಸ್ಕಿನಲ್ಲಿ ಮಲಗಿರುತ್ತದೆ. ಅದನ್ನು ಎಬ್ಬಿಸಲೆಂದೇ ಮದರ್‌ಬೋರ್ಡಿನ ಚಿಪ್ ಒಂದರಲ್ಲಿ ಪುಟ್ಟ ತಂತ್ರಾಂಶವೊಂದು ಕಾಯಂ ಆಗಿ ಇರುತ್ತದೆ. ಇದರ ಹಳೆಯ ಹೆಸರು ಬಯಾಸ್. ಈಗಿನ ಯಂತ್ರಗಳಲ್ಲಿರುವುದು ಅದರ ಜಾಗಕ್ಕೆ ಬಂದ ಯುಇಎಫ್‌ಐ. ಆದರೂ ಅಂಗಡಿಯವರ ಬಾಯಲ್ಲಿ ಅದು ಇನ್ನೂ ಬಯಾಸೇ. ಇದು ಒಂದು ಪಟ್ಟಿ ಹಿಡಿದು ಹೊರಡುತ್ತದೆ. ಮೊದಲು ಈ ಮನೆ, ಅಲ್ಲಿ ಯಾರೂ ಓಗೊಡದಿದ್ದರೆ ಮುಂದಿನ ಮನೆ. ಮೊದಲು ಬಾಗಿಲು ತೆರೆದವರಿಗೆ ಇಡೀ ಯಂತ್ರದ ಯಜಮಾನಿಕೆ ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ. ಈ ಪಟ್ಟಿಗೇ ಬೂಟ್ ಆರ್ಡರ್ ಎಂದು ಹೆಸರು. ಬೂಟ್ ಎಂಬುದು ಬೂಟ್‌ಸ್ಟ್ರ್ಯಾಪ್ ಎಂಬುದರ ಮೊಟಕು ರೂಪ. ಬೂಟಿನ ಹಿಂದಿನ ಕುಣಿಕೆ ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವ ಅಸಾಧ್ಯ ಸಾಹಸದ ಬಗ್ಗೆ ಇಂಗ್ಲಿಷಿನಲ್ಲಿರುವ ಮಾತಿನಿಂದ ಬಂದದ್ದು. ತನ್ನನ್ನು ತಾನೇ ಎಬ್ಬಿಸಿಕೊಳ್ಳುವ ಯಂತ್ರಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

ಪಟ್ಟಿಯಲ್ಲಿ ಯಾರು ಮೊದಲು ಎಂಬುದು ಸಣ್ಣ ವಿಷಯವಲ್ಲ. ಫ್ಲಾಪಿಯ ಕಾಲ ಕಂಡ ತಂದೆತಾಯಿಗಳಿಗೆ ಇದು ನೆನಪಿರಬಹುದು. ಐಬಿಎಂ 1981ರ ಆಗಸ್ಟ್‌ನಲ್ಲಿ ತಂದ ಮೊದಲ ಪಿಸಿ ಹಾರ್ಡ್ ಡಿಸ್ಕ್ ಇಲ್ಲದೆಯೇ ಬಂದಿತ್ತು. ಫ್ಲಾಪಿ ಇದ್ದರೆ ಅದರಿಂದ ಹೊರಡುತ್ತಿತ್ತು, ಇಲ್ಲದಿದ್ದರೆ ಚಿಪ್‌ನಲ್ಲೇ ಇದ್ದ ಬೇಸಿಕ್ ಭಾಷೆಯನ್ನು ತೆರೆದು ಕೂರುತ್ತಿತ್ತು. 1983ರ ಪಿಸಿ ಎಕ್ಸ್‌ಟಿ 10 ಮೆಗಾಬೈಟಿನ ಹಾರ್ಡ್ ಡಿಸ್ಕಿನೊಂದಿಗೆ ಬಂತು. ಆದರೂ ‘ಎ’ ಮೊದಲು, ‘ಸಿ’ ಆಮೇಲೆ ಎಂಬ ಕ್ರಮ ಉಳಿಯಿತು. ಹಾರ್ಡ್ ಡಿಸ್ಕ್ ಕೈಕೊಟ್ಟರೆ ಫ್ಲಾಪಿಯಿಂದ ಎಬ್ಬಿಸಿ ರಿಪೇರಿ ಮಾಡಬಹುದಲ್ಲ, ಅದಕ್ಕೆ.

ಒಳ್ಳೆಯ ಉದ್ದೇಶದ ಈ ಕ್ರಮವೇ ವೈರಸ್‌ಗಳಿಗೆ ಹೆದ್ದಾರಿಯಾಯಿತು. ಪ್ರತಿ ಫ್ಲಾಪಿಯ ಮೊದಲ 512 ಬೈಟ್‌ಗಳಲ್ಲಿ ಯಂತ್ರವನ್ನು ಹೊರಡಿಸುವ ಪುಟ್ಟ ಆದೇಶಮಾಲೆ ಇರುತ್ತಿತ್ತು. ಬಯಾಸ್ ಅದನ್ನು ಓದಿ ಕಣ್ಣು ಮುಚ್ಚಿ ಪಾಲಿಸುತ್ತಿತ್ತು. ಬರೆದವರು ಯಾರೆಂದು ಕೇಳುವ ಪದ್ಧತಿಯೇ ಇರಲಿಲ್ಲ. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸೋದರರು ಬರೆದ ‘ಬ್ರೇನ್’ ಅಡಗಿದ್ದು ಇಲ್ಲಿಯೇ. ಅದು ಹಾರ್ಡ್ ಡಿಸ್ಕನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ಬಂದವು ಅಷ್ಟು ಸಂಭಾವಿತವಾಗಿರಲಿಲ್ಲ. ‘ಮೈಕೆಲೇಂಜೆಲೊ’ ಎಂಬುದು ಮಾರ್ಚ್ 6ರಂದು, ಆ ಕಲಾವಿದ ಹುಟ್ಟಿದ ದಿನ, ಯಂತ್ರ ಹಚ್ಚಿದರೆ ಹಾರ್ಡ್ ಡಿಸ್ಕಿನ ಆರಂಭದ ಭಾಗದ ಮೇಲೆ ಕಸ ಬರೆದುಬಿಡುತ್ತಿತ್ತು. 1992ರ ಮಾರ್ಚ್‌ನಲ್ಲಿ ಇದರ ಭಯಕ್ಕೆ ಲೋಕವೆಲ್ಲ ಹೌಹಾರಿತ್ತು. ಪತ್ರಿಕೆಗಳು ಹೆದರಿಸಿದಷ್ಟು ಅನಾಹುತವೇನೂ ಆಗಲಿಲ್ಲ ಎನ್ನಿ.

ಅದು ಹರಡುತ್ತಿದ್ದ ಬಗೆ ಗಮನಿಸಬೇಕಾದದ್ದು. ಸೋಂಕಿದ ಫ್ಲಾಪಿಯಲ್ಲಿನ ಕಡತವನ್ನು ಡಾಸ್‌ನಲ್ಲಿ ತೆರೆದು ಓದಿದರೆ ವೈರಸ್ ಹತ್ತುತ್ತಿರಲಿಲ್ಲ. ಫ್ಲಾಪಿಯನ್ನು ಡ್ರೈವಿನಲ್ಲೇ ಮರೆತು ಮರುದಿನ ಬೆಳಿಗ್ಗೆ ಗುಂಡಿ ಒತ್ತಿದರೆ ಹತ್ತುತ್ತಿತ್ತು. ‘ನಾನ್ ಸಿಸ್ಟಮ್ ಡಿಸ್ಕ್’ ಎಂದು ತೆರೆಯ ಮೇಲೆ ಬಂದಾಗ ಬಳಕೆದಾರ ನಾಲಿಗೆ ಕಚ್ಚಿಕೊಂಡು ಫ್ಲಾಪಿ ಹೊರತೆಗೆಯುತ್ತಿದ್ದ. ಅಷ್ಟರಲ್ಲಿ ವೈರಸ್ ಹಾರ್ಡ್ ಡಿಸ್ಕಿಗೆ ದಾಟಿ ಆಗಿರುತ್ತಿತ್ತು. ಇದಕ್ಕೆ ಖರ್ಚಿಲ್ಲದ ಮದ್ದೊಂದಿತ್ತು. ಸೆಟಪ್ ಪುಟದಲ್ಲಿ ‘ಎ, ಸಿ’ ಎಂದಿದ್ದುದನ್ನು ‘ಸಿ, ಎ’ ಎಂದು ಬದಲಿಸಿದರೆ ಮರೆತ ಫ್ಲಾಪಿಯ ಬಾಗಿಲನ್ನು ಯಂತ್ರ ತಟ್ಟುತ್ತಲೇ ಇರಲಿಲ್ಲ.

ಫ್ಲಾಪಿ ಹೋಗಿ ಸಿ.ಡಿ. ಬಂತು. ಸಿ.ಡಿ.ಯಿಂದ ಯಂತ್ರ ಎಬ್ಬಿಸುವ ವಿಧಾನವನ್ನು ಫೀನಿಕ್ಸ್ ಮತ್ತು ಐಬಿಎಂ 1995ರ ಜನವರಿಯಲ್ಲಿ ಪ್ರಕಟಿಸಿದವು. ಹೆಸರು ‘ಎಲ್ ಟೊರಿಟೊ’, ಅಮೆರಿಕದ ಒಂದು ಹೋಟೆಲಿನ ಹೆಸರು. 2000ದಲ್ಲಿ ಜರ್ಮನಿಯ ಕ್ಲಾಸ್ ಕ್ನಾಪರ್ ಸಿದ್ಧಪಡಿಸಿದ ‘ಕ್ನಾಪಿಕ್ಸ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಾರ್ಡ್ ಡಿಸ್ಕಿನಲ್ಲಿ ಏನನ್ನೂ ಸ್ಥಾಪಿಸದೆ ಇಡೀ ಲಿನಕ್ಸ್ ವ್ಯವಸ್ಥೆ ಸಿ.ಡಿ.ಯಿಂದಲೇ ನಡೆಯತೊಡಗಿತು. ಕೆಟ್ಟ ಯಂತ್ರದಿಂದ ಕಡತಗಳನ್ನು ಬಿಡಿಸಿಕೊಳ್ಳುವ ಕೆಲಸಕ್ಕೆ ಇಂಥ ಸಿ.ಡಿ.ಗಳು ಹೇಳಿಮಾಡಿಸಿದಂತಿದ್ದವು. ಇಂದು ಆ ಕೆಲಸ ಪೆನ್ ಡ್ರೈವಿನದು.

ಪೆನ್ ಡ್ರೈವ್ ಹುಡುಕುವ ಮೊದಲು ಒಂದೆರಡು ಸುಲಭದ ತಪಾಸಣೆ ಮಾಡಬೇಕು. ಯಂತ್ರಕ್ಕೆ ಯಾವುದಾದರೂ ಪೆನ್ ಡ್ರೈವೋ ಮೆಮರಿ ಕಾರ್ಡೋ ಸಿಕ್ಕಿಸಿಯೇ ಇದೆಯೇ? ಇದ್ದರೆ ತೆಗೆದು ಮತ್ತೆ ಹಚ್ಚಿ ನೋಡಬೇಕು. ಮರೆತ ಫ್ಲಾಪಿಯ ಕಥೆ ಈಗ ಈ ರೂಪದಲ್ಲಿ ನಡೆಯುತ್ತದೆ. ಆಮೇಲೆ ಸೆಟಪ್ ಪುಟಕ್ಕೆ ಹೋಗಿ ಡಿಸ್ಕಿನ ಹೆಸರು, ಗಾತ್ರ ಕಾಣುತ್ತವೆಯೇ ಎಂದು ನೋಡಬೇಕು. ಕಂಡರೆ ಅರ್ಧ ಭಯ ಬಿಡಬಹುದು. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಗಡಿಯಾರ ಪದೇ ಪದೇ ಯಾವುದೋ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಎಂಬ ಬಿಲ್ಲೆಯಂಥ ಸೆಲ್ ಸತ್ತಿದೆ ಎಂದರ್ಥ. ಅದು ಸತ್ತಾಗ ಸೆಟಪ್‌ನ ಆಯ್ಕೆಗಳೂ ಮೂಲಸ್ಥಿತಿಗೆ ಮರಳಬಹುದು. ‘ಲೆಗಸಿ’ ಎಂದಿದ್ದುದು ‘ಯುಇಎಫ್‌ಐ’ ಎಂದಾದರೆ ಸಾಕು, ಗಟ್ಟಿಮುಟ್ಟಾದ ಡಿಸ್ಕೂ ಯಂತ್ರಕ್ಕೆ ಕಾಣದಂತಾಗುತ್ತದೆ. ಗಡಿಯಾರದ ಅಂಗಡಿಯಲ್ಲಿ ಸಿಗುವ ಸೆಲ್ಲಿಗೆ ಬದಲಾಗಿ ಇಡೀ ಡಿಸ್ಕನ್ನು ಬಲಿ ಕೊಡುವುದು ಹೀಗೆ. ಆದರೆ ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮನೆಯ ಪ್ರಯೋಗಗಳೆಲ್ಲ ಅಲ್ಲಿಗೇ ನಿಲ್ಲಬೇಕು. ಪ್ರತಿ ಸಲ ಹಚ್ಚಿದಾಗಲೂ ನಷ್ಟ ಹೆಚ್ಚುತ್ತದೆ. ಅದು ಡೇಟಾ ರಿಕವರಿ ಬಲ್ಲವರ ಕೆಲಸ.

ಡಿಸ್ಕ್ ಕಾಣುತ್ತಿದೆ, ವಿಂಡೋಸ್ ಮಾತ್ರ ಏಳುತ್ತಿಲ್ಲ ಎಂದಾದರೆ ಸ್ನೇಹಿತರ ಗಣಕವೊಂದರಲ್ಲಿ ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ಅದರದೇ ತಾಣದಿಂದ ಇಳಿಸಿಕೊಳ್ಳಬೇಕು. ಎರಡೂ ಉಚಿತ. ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್ ಡ್ರೈವಿಗೆ ಬರೆಯಬೇಕು. ಸುಮ್ಮನೆ ಕಾಪಿ ಮಾಡಿದರೆ ಸಾಲದು. ರೂಫಸ್ ಆ ಪೆನ್ ಡ್ರೈವಿನಲ್ಲಿದ್ದುದೆಲ್ಲವನ್ನೂ ಅಳಿಸಿಹಾಕುತ್ತದೆ. ಅಣ್ಣನ ವರದಿ ಉಳಿಸಲು ಹೋಗಿ ತಂಗಿಯ ಫೋಟೋಗಳನ್ನು ಕಳೆಯಬಾರದು.

ಈ ಪೆನ್ ಡ್ರೈವಿನಿಂದ ಯಂತ್ರ ಹೊರಡಿಸಲು ಪಟ್ಟಿಯನ್ನೇ ಬದಲಿಸಬೇಕೆಂದಿಲ್ಲ. ಇದೊಂದು ಸಲಕ್ಕೆ ಮಾತ್ರ ಬಾಗಿಲು ಆರಿಸುವ ಮೆನು ಬಹುತೇಕ ಎಲ್ಲ ಯಂತ್ರಗಳಲ್ಲಿದೆ, ಅದೇ ಕ್ಷೇಮ. ಗುಂಡಿ ಒತ್ತಿದ ಕೂಡಲೇ ಡೆಲ್ ಮತ್ತು ಲೆನೊವೊದ ಬಹುತೇಕ ಯಂತ್ರಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್ ಕೀಲಿಯನ್ನು ಪಟಪಟನೆ ಒತ್ತುತ್ತಿರಬೇಕು. ಏಸರ್‌ನಲ್ಲೂ ಎಫ್12, ಆದರೆ ಹಲವು ಮಾದರಿಗಳಲ್ಲಿ ಎಫ್2 ಒತ್ತಿ ಸೆಟಪ್‌ಗೆ ಹೋಗಿ ಮೊದಲು ಆ ಮೆನುವಿಗೆ ಅನುಮತಿ ಕೊಡಬೇಕು. ವಿಂಡೋಸ್ ಏಳುವ ಯಂತ್ರವಾದರೆ ಶಿಫ್ಟ್ ಕೀಲಿ ಹಿಡಿದು ‘ರೀಸ್ಟಾರ್ಟ್’ ಒತ್ತಿದರೂ ‘ಯೂಸ್ ಎ ಡಿವೈಸ್’ ಎಂಬ ಆಯ್ಕೆ ಸಿಗುತ್ತದೆ.

ಪಟ್ಟಿಯನ್ನೇ ಬದಲಿಸಬೇಕಾಗಿ ಬಂದರೆ ಸೆಟಪ್‌ನ ‘ಬೂಟ್’ ಪುಟಕ್ಕೆ ಹೋಗಬೇಕು. ಮೊದಲು ಆ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹೊಸ ಯಂತ್ರಗಳ ಪಟ್ಟಿಯಲ್ಲಿ ಡಿಸ್ಕಿನ ಹೆಸರಿನ ಬದಲು ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂದಿರುತ್ತದೆ. ಮಾಮೂಲಿ ದಿನಗಳಲ್ಲಿ ತಲೆಯ ಮೇಲೆ ಇರಬೇಕಾದದ್ದು ಅದೇ. ಸಾಟಾ ಮೋಡ್ ಎಂಬ ಆಯ್ಕೆಯನ್ನು ಮುಟ್ಟಬಾರದು. ಸೆಕ್ಯೂರ್ ಬೂಟ್ ಎಂಬುದನ್ನು ಆರಿಸಿ ಎಂದು ಹಲವರು ಸಲಹೆ ಕೊಡುತ್ತಾರೆ. ಉಬುಂಟುವಿಗೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ. ಆದೇಶಮಾಲೆ ಬರೆದವರು ಯಾರೆಂದು ಅದರ ಸಹಿ ನೋಡಿ ಒಳಬಿಡುವ ಏರ್ಪಾಡು ಅದು. ಫ್ಲಾಪಿಯ ಕಾಲದಲ್ಲಿ ಇಲ್ಲದಿದ್ದ ದ್ವಾರಪಾಲಕನನ್ನು ಸುಮ್ಮಸುಮ್ಮನೆ ಮನೆಗೆ ಕಳಿಸುವುದೇಕೆ?

ಲಿನಕ್ಸ್ ಎದ್ದ ಮೇಲೆ ‘ಟ್ರೈ’ ಎಂಬುದನ್ನಷ್ಟೇ ಆರಿಸಬೇಕು, ‘ಇನ್‌ಸ್ಟಾಲ್’ ಕಡೆ ಕೈ ಹೋಗಕೂಡದು. ವಿಂಡೋಸ್ ಇರುವ ಭಾಗವನ್ನು ತೆರೆದು ‘ಯೂಸರ್ಸ್’ ಕಡತಕೋಶದೊಳಗಿನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್‌ಗಳನ್ನು ಇನ್ನೊಂದು ಪೆನ್ ಡ್ರೈವಿಗೆ ತುಂಬಿಕೊಳ್ಳಬೇಕು. ಡಿಸ್ಕನ್ನು ಓದಲು ಮಾತ್ರ ಬಿಡುತ್ತೇನೆ, ಬರೆಯಲು ಬಿಡುವುದಿಲ್ಲ ಎಂದು ಲಿನಕ್ಸ್ ಹೇಳಿದರೆ ಚಿಂತೆಯಿಲ್ಲ, ಓದಿದರೆ ಸಾಕು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಕನ್ನಡ ಕಡತಗಳು ಇಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಹಾಳಾದುವೆಂದು ಬಿಟ್ಟುಬರಬಾರದು. ಲಿನಕ್ಸ್‌ನಲ್ಲಿ ಆ ಅಕ್ಷರಶೈಲಿ ಇಲ್ಲ, ಅಷ್ಟೆ. ‘ಸಿ ಮಾತ್ರ ಫಾರ್ಮ್ಯಾಟ್ ಆಗುತ್ತೆ, ಡಿ ಹಾಗೇ ಇರುತ್ತೆ’ ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಆದರೆ ಡೆಸ್ಕ್‌ಟಾಪ್‌ನಲ್ಲಿಟ್ಟದ್ದೆಲ್ಲ ಇರುವುದು ಸಾಮಾನ್ಯವಾಗಿ ‘ಸಿ’ಯಲ್ಲೇ, ಮಕ್ಕಳು ಎಲ್ಲವನ್ನೂ ಇಡುವುದು ಡೆಸ್ಕ್‌ಟಾಪ್‌ನಲ್ಲೇ.

ಒಂದು ಅಡ್ಡಿ ಎದುರಾಗಬಹುದು. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಬರಹವೆಲ್ಲ ಬಿಟ್‌ಲಾಕರ್ ಎಂಬ ಗೂಢಲಿಪಿಯಲ್ಲಿರುತ್ತದೆ. ವಿಂಡೋಸ್ 11ರ 2024ರ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ಬಹುತೇಕ ಯಂತ್ರಗಳಲ್ಲಿ ಇದು ಕೇಳದೆಯೇ ಜಾರಿಗೆ ಬರುತ್ತದೆ. ಆಗ ಪೆನ್ ಡ್ರೈವಿನಿಂದ ಎದ್ದ ಲಿನಕ್ಸ್‌ಗೆ ಕಾಣುವುದು ಮುಚ್ಚಿದ ಪೆಟ್ಟಿಗೆ ಮಾತ್ರ. ಅಷ್ಟೇ ಅಲ್ಲ, ಬೂಟ್ ಆರ್ಡರ್ ಬದಲಿಸಿದ್ದನ್ನೇ ಕಳ್ಳನ ಸುಳಿವೆಂದು ಬಗೆದು ಚೆನ್ನಾಗಿದ್ದ ವಿಂಡೋಸ್ ಕೂಡ 48 ಅಂಕಿಗಳ ಕೀಲಿ ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿರುತ್ತದೆ. ಯಂತ್ರ ಕೊಟ್ಟ ದಿನ ಅಂಗಡಿಯವರೇ ತಮ್ಮ ಇಮೇಲ್ ಹಾಕಿ ಆರಂಭಿಸಿದ್ದರೆ ಕೀಲಿ ಇರುವುದು ಅವರ ಖಾತೆಯಲ್ಲಿ! ಯಂತ್ರ ನೆಟ್ಟಗಿರುವಾಗಲೇ ಅದನ್ನು ಹುಡುಕಿ, ಕಾಗದದಲ್ಲಿ ಬರೆದು, ಕೊಂಡ ಬಿಲ್ಲಿನ ಜೊತೆ ಇಡಬೇಕು. ಖಾತೆಯಲ್ಲಿ ಕೀಲಿ ಕಾಣದಿದ್ದರೆ ಸೆಟಪ್ ತೆರೆಯುವ ಯೋಚನೆಯನ್ನೇ ಅಂದು ಬಿಡುವುದು ಒಳ್ಳೆಯದು.

ಗೂಢಲಿಪಿ ಇಲ್ಲದ ಹಳೆಯ ಯಂತ್ರಗಳಲ್ಲಿ ಸಮಸ್ಯೆ ಇದಕ್ಕೆ ತದ್ವಿರುದ್ಧ. ಮಗನ ವರದಿಯನ್ನು ಹೊರತರುವ ಪೆನ್ ಡ್ರೈವ್ ಬೇರೆಯವರ ಕೈಯಲ್ಲೂ ಅಷ್ಟೇ ಸಲೀಸಾಗಿ ಕೆಲಸ ಮಾಡುತ್ತದೆ. ವಿಂಡೋಸ್‌ನ ಗುಪ್ತಪದವನ್ನು ಕೇಳುವುದು ವಿಂಡೋಸ್. ಅದು ಏಳದೇ ಇದ್ದಾಗ ಕೇಳುವವರು ಯಾರು? ಮಗುವಿಗೆ ದಿನಕ್ಕೆ ಒಂದು ಗಂಟೆ ಮಾತ್ರ ಎಂದು ವಿಂಡೋಸ್‌ನಲ್ಲಿ ಕಟ್ಟಳೆ ಹಾಕಿದ ತಂದೆತಾಯಿಗಳೂ ಇದನ್ನು ಅರಿತಿರಬೇಕು. ಬೇರೊಂದು ವ್ಯವಸ್ಥೆಯಿಂದ ಎದ್ದ ಯಂತ್ರಕ್ಕೆ ಆ ಕಟ್ಟಳೆಯ ಸುದ್ದಿಯೇ ಇರುವುದಿಲ್ಲ. ಒಂಬತ್ತನೆಯ ತರಗತಿಯ ಹುಡುಗನಿಗೆ ಇದು ಗೊತ್ತಿರಲಾರದು ಎಂದುಕೊಳ್ಳುವುದು ದೊಡ್ಡವರ ಭ್ರಮೆ. ಕಾಲೇಜಿನ ಗಣಕ ಕೋಣೆಗಳಲ್ಲಿ ಸೆಟಪ್‌ಗೇ ಗುಪ್ತಪದ ಇಟ್ಟು, ಡಿಸ್ಕನ್ನು ಮೊದಲಿಗಿಟ್ಟು, ಪೆನ್ ಡ್ರೈವಿನಿಂದ ಏಳದಂತೆ ಮಾಡುವುದು ಇದಕ್ಕಾಗಿಯೇ.

ಮನೆಯಲ್ಲೂ ಹಾಗೆ ಮಾಡಬಹುದು. ಕಡತಗಳನ್ನು ಹೊರತಂದು ಯಂತ್ರ ಸರಿಪಡಿಸಿದ ಮೇಲೆ ಮೊಬೈಲಿನಲ್ಲಿರುವ ಫೋಟೋ ನೋಡಿ ಪಟ್ಟಿಯನ್ನು ಮೊದಲಿನಂತೆ ಇಟ್ಟು, ಸೆಟಪ್‌ಗೆ ಗುಪ್ತಪದ ಹಾಕಿ, ‘ಸೇವ್’ ಮಾಡಿ ಹೊರಬರಬೇಕು. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಸೆಲ್ ಕಿತ್ತು ಮತ್ತೆ ಹಾಕಿದರೆ ಈ ಗುಪ್ತಪದ ಅಳಿಯುತ್ತಿತ್ತು. ಈಗಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಅಳಿಯುವುದಿಲ್ಲ, ಮರೆತರೆ ಕಂಪನಿಯ ಸೇವಾಕೇಂದ್ರಕ್ಕೇ ಹೋಗಬೇಕು. ಆದ್ದರಿಂದ ಅದೂ ಬಿಲ್ಲಿನ ಜೊತೆಯ ಕಾಗದಕ್ಕೆ ಸೇರಲಿ, 48 ಅಂಕಿಗಳ ಕೆಳಗೆ.